ಐದನೆಯ ಬ್ರಷ್

"ಬೀಗದ ಕೈ ಯಾವತ್ತು ಸಿಗುತ್ತೆ ಮೇಡಂ?"

ಮನೆ ಕೊಳ್ಳುವವರ ಬಾಯಿಂದ ಮೊದಲು ಬರುವ ಪ್ರಶ್ನೆ ಇದು. ದುಡ್ಡು ಪೂರ್ತಿ ಸಂದಾಯವಾದ ದಿನ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಮಾರುವವರು ಕೇಳುವುದೇ ಬೇರೆ. ಮುಂಗಡ ತೆಗೆದುಕೊಂಡ ಮೇಲೆ ಮನಸ್ಸು ಬದಲಾಯಿಸಬಹುದಾ? ಗೋಡೆ ಬಿರುಕು ಬಿಟ್ಟಿರುವುದನ್ನು ಹೇಳಲೇಬೇಕಾ? ಹೇಳಲೇಬೇಕು ಕಣ್ರೀ, ಸುಣ್ಣ ಬಳಿದರೆ ಬಿರುಕು ಮುಚ್ಚುತ್ತದೆ, ಸುಳ್ಳು ಮುಚ್ಚುವುದಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮನೆ ಮಾರಿ ನೋಡು ಅನ್ನುವುದನ್ನು ಮರೆತೇಬಿಟ್ಟರು. ನಾನು ಮನೆ ಕ್ರಯದ ಕಾಗದಪತ್ರ ನೋಡುವ ವಕೀಲೆ. ತಲೆ ಬೆಳ್ಳಗಾದದ್ದು ವಯಸ್ಸಿನಿಂದಲ್ಲ, ಈ ಪ್ರಶ್ನೆಗಳಿಂದ.

ಆ ಸಲ ನಾನು ಕೊಳ್ಳುವವರ ಕಡೆ. ಗಂಡ ಬಸ್ ಡ್ರೈವರ್, ಹೆಂಡತಿ ಬಟ್ಟೆ ಹೊಲಿಯುವವಳು, ತುಂಬು ಬಸುರಿ. ಹೆರಿಗೆಗೆ ಮುಂಚೆ ಸ್ವಂತ ಮನೆ ಸೇರಬೇಕೆಂಬುದು ಅವಳ ಹಟ. ಮಾರುವವನು ಕನ್ನಡಕದ ಅಂಗಡಿಯವನು. ಅವನಿಗೆ ನಾನಿಟ್ಟ ಹೆಸರು ಫ್ಯಾನ್‌ರಾಯ. ಮನೆಯ ಜೊತೆಗೆ ಏನು ಉಳಿಯಬೇಕು, ಏನು ಹೋಗಬೇಕು ಎಂಬ ಮಾತಿನಲ್ಲಿ ಪುಣ್ಯಾತ್ಮ ಮೂರು ಫ್ಯಾನಿಗಾಗಿ ಒಂದು ಮಧ್ಯಾಹ್ನ ಪೂರ್ತಿ ನನ್ನ ತಲೆ ತಿಂದಿದ್ದ. ಪರದೆಯ ಕೋಲು, ನೀರು ಕಾಯಿಸುವ ಗೀಸರು, ಬಾಗಿಲ ಗಂಟೆ, ಒಂದನ್ನೂ ಬಿಟ್ಟಿರಲಿಲ್ಲ.

ಕಾಗದ ಮುಗಿಯುವ ಮುಂಚೆ ಒಂದು ಸಲ ಮನೆಗೆ ಹೋಗಿ ಬರುವುದು ನನ್ನ ಪದ್ಧತಿ. ಅಲ್ಲಿ ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ನುಗ್ಗಿ ಹಲ್ಲುಜ್ಜುವ ಬ್ರಷ್ ಎಣಿಸುತ್ತೇನೆ. ನಗಬೇಡಿ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಜನ ಸುಳ್ಳು ಹೇಳಿಯಾರು, ಬ್ರಷ್ ಹೇಳುವುದಿಲ್ಲ.

"ಮನೇಲಿ ಎಷ್ಟು ಜನ?" ಎಂದು ಫ್ಯಾನ್‌ರಾಯನ ಮನೆಗೆ ಹೋದಾಗ ಕೇಳಿದೆ.

"ನಾಲ್ಕೇ ಮೇಡಂ. ನಾನು, ಇವಳು, ಇಬ್ಬರು ಮಕ್ಕಳು."

ಬಚ್ಚಲ ಲೋಟದಲ್ಲಿ ಐದು ಬ್ರಷ್ಷಿದ್ದವು. ಐದನೆಯದರ ಕೂದಲು ಸವೆದು ಎರಡೂ ಕಡೆ ಮಲಗಿಬಿಟ್ಟಿತ್ತು. ನಾನು ಈಚೆ ಬರುವಾಗ ಅಡುಗೆಮನೆಯಿಂದ ನರೆತ ಕೂದಲಿನ ಹೆಂಗಸೊಬ್ಬರು ಚಹಾ ಹಿಡಿದು ಬಂದರು.

"ಇವರು?"

"ಅದು ಅಕ್ಕ," ಎಂದ ಫ್ಯಾನ್‌ರಾಯ, ಅದು ಕಪಾಟು ಅನ್ನುವಷ್ಟೇ ಸಲೀಸಾಗಿ.

ಅಕ್ಕ ಹುಟ್ಟಿದ್ದು ಅದೇ ಮನೆಯಲ್ಲಿ. ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ಬಳಿದವರು ಅವರು, ಮನೆ ಬರೆಸಿಕೊಂಡವನು ಇವನು. ಮದುವೆಯಾಗಿರಲಿಲ್ಲ, ಬೇರೆ ಆಸರೆಯೂ ಇರಲಿಲ್ಲ. ಕಾಗದದಲ್ಲಿ ಹೆಸರಿಲ್ಲದಿದ್ದರೂ ವಾಸವಿರುವ ವಯಸ್ಕರು ನಾಳೆ ಇಲ್ಲಿ ನನಗೂ ಹಕ್ಕಿದೆ ಅನ್ನಬಹುದು. ಹಾಗಾಗಿ ಮನೆ ಬಿಡಲು ಒಪ್ಪಿದ್ದೇನೆಂದು ಅವರ ಸಹಿಯೂ ಬೇಕು. ಮಾರನೆಯ ದಿನ ತಮ್ಮನೇ ಅವರನ್ನು ನನ್ನ ಕಚೇರಿಗೆ ಕರೆತಂದ.

"ಸಹಿ ಹಾಕೋಕೆ ಮುಂಚೆ ಬೇರೆ ವಕೀಲರನ್ನ ಕೇಳಿಕೊಂಡು ಬನ್ನಿ ಅಮ್ಮ," ಎಂದೆ. ಕೊಳ್ಳುವವರ ವಕೀಲೆ ಅಷ್ಟೇ ಹೇಳಬಹುದು, ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳುವ ಹಾಗಿಲ್ಲ.

"ತಮ್ಮನ ಮೇಲೆ ವಕೀಲರನ್ನ ಇಡೋದಾ? ನಾಲ್ಕು ಜನ ಕೇಳಿದ್ರೆ ಉಗೀತಾರೆ!"

"ಹೊಸ ಮನೇಲಿ ಅಕ್ಕಂಗೆ ಅಂತಲೇ ಒಂದು ರೂಮು ಇದೆ ಮೇಡಂ," ಎಂದ ಅವನು.

ಅಕ್ಕ ಕಾಗದವನ್ನು ನಿಧಾನವಾಗಿ ಓದಿದರು. ಮನೆಯನ್ನು ಖಾಲಿ ಮಾಡಿ ಒಪ್ಪಿಸಬೇಕು ಎಂಬಲ್ಲಿ ಬೆರಳಿಟ್ಟು ಕೇಳಿದರು. "ಖಾಲಿ ಅಂದ್ರೆ ಎಷ್ಟು ಖಾಲಿ?"

"ಒಂದು ಗುಂಡುಸೂಜಿನೂ ಇರಬಾರದು. ಒಬ್ಬ ಮನುಷ್ಯನೂ ಇರಬಾರದು."

ತಲೆಯಾಡಿಸಿ ಸಹಿ ಹಾಕಿದರು. ಮನೆ ಒಪ್ಪಿಸುವ ಬೆಳಿಗ್ಗೆ ಆಕೆ ಒಳಗೆ ಒಂದು ಕುರ್ಚಿ ಹಾಕಿಕೊಂಡು ಕುಳಿತರೆ ಸಾಕು, ಒಂದು ರೂಪಾಯಿಯೂ ಕದಲುವುದಿಲ್ಲ. ದುಡ್ಡು ಕದಲದಿದ್ದರೆ ತಮ್ಮ ಅಕ್ಕನಿಗೊಂದು ದಾರಿ ಮಾಡಲೇಬೇಕು. ಆಕೆಯ ಕೈಯಲ್ಲಿದ್ದ ಬಲ ಅಷ್ಟೇ. ಆ ಮಾತು ನನ್ನ ಗಂಟಲವರೆಗೆ ಬಂದು ಅಲ್ಲೇ ಕೂತಿತು. ನನಗೆ ಫೀಸು ಕೊಟ್ಟಿದ್ದವಳು ಆ ಬಸುರಿ ಹೆಂಗಸು.

ಒಪ್ಪಿಸುವ ದಿನ ಬೆಳಿಗ್ಗೆ ಡ್ರೈವರು ಮನೆಯಿಂದಲೇ ಫೋನ್ ಮಾಡಿದ. "ಖಾಲಿ ಇದೆ ಮೇಡಂ. ಎಂಥಾ ಜನ ನೋಡಿ, ನೆಲ ಸಹ ಒರೆಸಿಟ್ಟು ಹೋಗಿದಾರೆ."

"ಬಚ್ಚಲು ನೋಡಿದ್ರಾ? ಬ್ರಷ್ಷು?"

"ಲೋಟಾನೇ ಇಲ್ಲ."

ಪರವಾಗಿಲ್ಲ, ಫ್ಯಾನ್‌ರಾಯ ಮಾತು ಉಳಿಸಿಕೊಂಡ, ಅಕ್ಕನನ್ನು ಕರೆದುಕೊಂಡು ಹೋಗಿದ್ದಾನೆ ಅಂದುಕೊಂಡೆ. ಬ್ಯಾಂಕಿಗೆ ಹೂಂ ಅಂದೆ. ದುಡ್ಡು ಫ್ಯಾನ್‌ರಾಯನಿಗೆ ಹೋಯಿತು.

ಮಧ್ಯಾಹ್ನ ಕಳೆದ ಮೇಲೆ ಅಕ್ಕ ನನ್ನ ಬಾಗಿಲಲ್ಲಿ ನಿಂತಿದ್ದರು, ಹೆಗಲಿಗೆ ಒಂದು ಬಟ್ಟೆಯ ಚೀಲ.

"ಹಿಂದಿನ ಬಾಗಿಲಿಂದು. ನನ್ನ ಹತ್ರಾನೇ ಉಳಿದುಬಿಟ್ಟಿತ್ತು," ಎಂದು ಒಂದು ಬೀಗದ ಕೈ ಮೇಜಿನ ಮೇಲಿಟ್ಟರು.

"ನೀವು ತಮ್ಮನ ಜೊತೆ ಹೋಗಲಿಲ್ವಾ?"

"ಲಾರೀಲಿ ಜಾಗ ಇರಲಿಲ್ಲ. ದುಡ್ಡು ಬಂದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದ. ನಾನು ನೆಲ ಒರೆಸಿ, ಎದುರಿನ ಅಂಗಡಿ ಹತ್ರ ನಿಂತಿದ್ದೆ. ಒಬ್ಬ ಮನುಷ್ಯನೂ ಇರಬಾರದು ಅಂದಿದ್ರಲ್ಲ ನೀವು."

ಅಯ್ಯೋ ನನ್ನ ಕರ್ಮವೇ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಕ್ಕನನ್ನು ಮನೆಯಿಂದ ತೆಗೆದಿದ್ದಾನೆ, ಅದೂ ಅವರ ಕೈಯಿಂದಲೇ. ಫ್ಯಾನ್‌ರಾಯನ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಅವನ ಹೆಂಡತಿ.

"ಇಲ್ಲಿ ಇರೋದೇ ಎರಡು ರೂಮು ಮೇಡಂ. ಅತ್ತಿಗೆ ಹೇಗೋ ಹೊಂದಿಕೊಳ್ತಾರೆ, ಅವರದ್ದೇನು, ಒಂಟಿ ಜೀವ." ಫೋನ್ ಇಟ್ಟಳು. ಮತ್ತೆ ಮಾಡಿದರೆ ಸ್ವಿಚ್ ಆಫ್.

"ಬನ್ನಿ, ವಿಳಾಸ ಹುಡುಕಿ ನಾನೇ ನಿಮ್ಮನ್ನ ಅಲ್ಲಿ ಬಿಟ್ಟು ಬರ್ತೀನಿ. ಅವನ ಮುಖಕ್ಕೆ ಉಗಿದೂ ಬರ್ತೀನಿ."

"ಬೇಡಮ್ಮ. ಕರೀದೆ ಹೋಗೋಕೆ ಅದೇನು ನಮ್ಮಮ್ಮನ ಮನೇನಾ?"

ನೀರು ಕೊಟ್ಟೆ. ಕುಡಿದು ಲೋಟವನ್ನು ಸೆರಗಿನಲ್ಲಿ ಒರೆಸಿಟ್ಟರು. ಆಮೇಲೆ ಕೇಳಿದರು. "ಬೆಳಿಗ್ಗೆ ನಾನು ಒಳಗೇ ಕೂತಿದ್ದಿದ್ರೆ ಏನಾಗ್ತಿತ್ತು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಈಗ ಹೇಳಲು ಅಡ್ಡಿಯೂ ಇರಲಿಲ್ಲ, ಹೇಳಿ ಉಪಯೋಗವೂ ಇರಲಿಲ್ಲ.

"ದುಡ್ಡು ನಿಲ್ತಿತ್ತು. ನಿಮಗೊಂದು ದಾರಿ ಮಾಡದೆ ಅವನಿಗೆ ಬೇರೆ ಗತಿ ಇರ್ತಿರಲಿಲ್ಲ."

"ಅವನ ಹೊಸ ಮನೆ?"

"ದುಡ್ಡು ತಡ ಆಗಿದ್ರೆ ಅದು ಕೈ ತಪ್ಪಿ ಹೋಗಬಹುದಿತ್ತು."

ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡರು. "ಹಾಗಾದ್ರೆ ಒಳ್ಳೇದೇ ಆಯ್ತು ಬಿಡಿ, ಆಚೆ ನಿಂತಿದ್ದು. ಮಕ್ಕಳನ್ನ ಆಗಲೇ ಅಲ್ಲಿನ ಸ್ಕೂಲಿಗೆ ಸೇರಿಸಿದಾರೆ."

ನನಗೆ ಅಳು ಬಂತು, ಕೋಪವೂ ಬಂತು, ಯಾವುದನ್ನು ಮೊದಲು ನುಂಗಬೇಕೋ ತಿಳಿಯಲಿಲ್ಲ. "ಇವತ್ತು ನನ್ನ ಮನೆಗೆ ಬನ್ನಿ," ಎಂದೆ.

"ಅವನು ಹುಡುಕಿಕೊಂಡು ಬಂದ್ರೆ? ಹೊರಗಿನ ಬೆಂಚಿನ ಮೇಲೆ ಕೂತಿರ್ತೀನಿ, ಕಾಣ್ತೀನಲ್ಲ." ಎದ್ದವರು ಸಂಕೋಚದಿಂದ ಕೇಳಿದರು. "ಬಚ್ಚಲು ಎಲ್ಲಿದೆ? ಒರೆಸೋ ಗಡಿಬಿಡೀಲಿ ಬೆಳಿಗ್ಗೆ ಹಲ್ಲೇ ಉಜ್ಜಿಲ್ಲ."

ತೋರಿಸಿದೆ. ಚೀಲದಿಂದ ಅದೇ ಸವೆದ ಬ್ರಷ್ ತೆಗೆದುಕೊಂಡು ಒಳಗೆ ಹೋದರು. ಬಂದವರು ಬೆಂಚಿನ ಮೇಲೆ ಹೋಗಿ ಕುಳಿತರು, ಚೀಲ ಮಡಿಲಲ್ಲಿ, ಕಣ್ಣು ರಸ್ತೆಯ ಮೇಲೆ.

ಆಮೇಲೆ ನಾನು ಬಚ್ಚಲಿಗೆ ಹೋದೆ. ಮುಖ ತೊಳೆಯುವ ಬೇಸಿನ್ನನ್ನು ಒಂದು ಹನಿ ನೀರಿಲ್ಲದ ಹಾಗೆ ಒರೆಸಿಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಉಜ್ಜಲೆಂದು ನಾನು ಬ್ರಷ್ ಇಡುವ, ನಲ್ಲಿಯ ಪಕ್ಕದ ಲೋಟ ನೋಡಿದೆ. ನನ್ನ ಬ್ರಷ್ ಒಂದೇ ಇತ್ತು.