ಹಳದಿ ಗೆರೆ

“ಆ ಗಿಳೀನ ತೆಗೀರಿ,” ಎಂದಳು ಹೇಮಲತಾ.

ಯಂತ್ರ ಮಾರಲು ಬಂದಿದ್ದ ವೀರೇಶನ ಕೈಯಲ್ಲಿದ್ದ ಹಾಳೆಯ ಮೇಲೆ ಗಿಳಿ ನಿಜಕ್ಕೂ ಚೆನ್ನಾಗಿಯೇ ಇತ್ತು. ದಪ್ಪನೆಯ ನುಣುಪು ಕಾಗದದಲ್ಲಿ, ಈಗಷ್ಟೇ ಮಿಂದು ಬಂದ ಹಾಗೆ, ಕೆಂಪು ಕೊಕ್ಕನ್ನು ಓರೆ ಮಾಡಿ ಕುಳಿತಿತ್ತು. ಕಲರ್ ಜೆರಾಕ್ಸ್ ಯಂತ್ರ ಮಾರಲು ಬರುವವರೆಲ್ಲ ಇಂಥದೇ ಒಂದು ಚಿತ್ರವನ್ನು ತರುತ್ತಾರೆ. ಪೀಣ್ಯದ ಈ ಕಾರ್ಖಾನೆಯ ಜೆರಾಕ್ಸ್ ಕೋಣೆಯಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಗಿಳಿ, ನವಿಲು, ಸ್ಟ್ರಾಬೆರಿ ಎಲ್ಲವನ್ನೂ ಕಂಡಿದ್ದಳು.

“ಯಾಕೆ ಮೇಡಂ, ಕಲರ್ ಸರಿಯಾಗಿ ಬಂದಿಲ್ವಾ?”

“ಬಂದಿದೆ. ಆದ್ರೆ ನಮ್ಮಲ್ಲಿ ಯಾರೂ ಗಿಳಿ ಮಾಡಲ್ಲ, ಪ್ಯಾನೆಲ್ ಮಾಡ್ತಾರೆ. ನಮ್ಮ ಕಾಗದ ಹಾಕಿ, ನಮ್ಮ ಡ್ರಾಯಿಂಗ್ ಹಾಕಿ, ಮುನ್ನೂರು ಕಾಪಿ ಒಂದೇ ಸಮ ತೆಗೀರಿ.”

ಬಾಗಿಲಿಗೆ ಒರಗಿ ನಿಂತಿದ್ದ ಪರ್ಚೇಸ್ ಮ್ಯಾನೇಜರ್ ಶಿವಶಂಕರ್ ನಕ್ಕರು. ಈ ಯಂತ್ರವನ್ನು ಆರಿಸಿದವರು ಅವರೇ. ನಿಮಿಷಕ್ಕೆ ನಲವತ್ತು ಪ್ರತಿ ಎಂದು ಯಜಮಾನರ ಮುಂದೆ ಹೇಳಿಯೂ ಆಗಿತ್ತು. “ಹೆಣ್ಣು ನೋಡೋಕೆ ಬಂದೋರ ಥರ ಪರೀಕ್ಷೆ ಮಾಡ್ತಿದೀರಲ್ರೀ ಹೇಮಲತಾ!”

“ಹೆಣ್ಣು ನೋಡೋಕೆ ಬಂದೋರು ಬಜ್ಜಿ ತಿಂದು ಎದ್ದು ಹೋಗ್ತಾರೆ ಸಾರ್. ಇದರ ಜೊತೆ ಬಾಳ್ವೆ ಮಾಡಬೇಕಾದೋಳು ನಾನು.”

ಹಿಂದಿನ ಯಂತ್ರದೊಡನೆ ಅವಳು ಒಂಬತ್ತು ವರ್ಷ ಬಾಳಿದ್ದಳು. ದಿನವೂ ಬೆಳಿಗ್ಗೆ ಅದರ ಗಾಜನ್ನು ಒರೆಸುತ್ತಿದ್ದಳು. ಮಳೆಗಾಲದಲ್ಲಿ ಕಾಗದಕ್ಕೆ ತೇವ ತಟ್ಟದಿರಲೆಂದು ಬೀರುವಿನೊಳಗೆ ಬಲ್ಬು ಉರಿಸಿಡುತ್ತಿದ್ದಳು. ಐದು ವರ್ಷ ಬಂದರೆ ಹೆಚ್ಚು ಎಂದಿದ್ದ ಯಂತ್ರ ಹಾಗೆ ಒಂಬತ್ತು ವರ್ಷ ನಡೆದು, ಹೋದ ತಿಂಗಳು ನಿಂತಿತ್ತು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಮೋಟಾರುಗಳನ್ನು ನಡೆಸುವ ವಿದ್ಯುತ್ ಪ್ಯಾನೆಲ್‌ಗಳು. ಪ್ರತಿ ಆರ್ಡರಿಗೂ ನಕ್ಷೆ ಬೇರೆ. ತಂತಿ ಜೋಡಿಸುವವರಲ್ಲಿ ಹೆಚ್ಚಿನವರು ರಾಯಚೂರು, ಕೊಪ್ಪಳದ ಕಡೆಯವರು; ನಕ್ಷೆಯ ಇಂಗ್ಲಿಷ್ ಅಕ್ಷರಗಳು ಅವರಿಗೆ ಅಷ್ಟಾಗಿ ಒಗ್ಗಿದವಲ್ಲ. ಅವರು ಓದುತ್ತಿದ್ದುದು ಬಣ್ಣಗಳನ್ನು. ಕೆಂಪು ಗೆರೆಗೆ ಕೆಂಪು ತಂತಿ, ನೀಲಿಗೆ ನೀಲಿ. ಹಳದಿಯದು ಮೋಟಾರು ಅತಿಯಾಗಿ ಕಾದಾಗ ಎಚ್ಚರಿಕೆಯ ಗಂಟೆ ಬಾರಿಸುವ ತಂತಿ.

ಮೊದಲ ನೂರು ಹಾಳೆಗಳಲ್ಲಿ ಯಾವ ಊನವೂ ಇರಲಿಲ್ಲ. ಇನ್ನೂರು ದಾಟಿದ ಮೇಲೆ ಯಂತ್ರದ ಮೈ ಬಿಸಿಯಾಯಿತು. ಹೇಮಲತಾ ನಡುವಿನಿಂದ ಒಂದು ಹಾಳೆಯನ್ನು ಎಳೆದುಕೊಂಡು ಕಿಟಕಿಯ ಬಳಿ ಹೋದಳು. ಕೆಂಪು ಇತ್ತು, ನೀಲಿ ಇತ್ತು. ಹಳದಿ ಮಾತ್ರ, ಸಂಜೆಯ ಬಿಸಿಲು ಗೋಡೆಯನ್ನು ಬಿಟ್ಟುಹೋಗುವ ಹೊತ್ತಿನಂತೆ, ಇದೆಯೋ ಇಲ್ಲವೋ ಎಂಬಷ್ಟು ಉಳಿದಿತ್ತು.

“ಇದೆಯಲ್ಲ ಮೇಡಂ,” ಎಂದು ವೀರೇಶ್ ಹಾಳೆಯನ್ನು ಬೆಳಕಿಗೆ ಓರೆ ಮಾಡಿ ತೋರಿಸಿದ.

“ಕಾಣುತ್ತೆ ಬಿಡ್ರೀ,” ಎಂದರು ಶಿವಶಂಕರ್. “ಒಪ್ಪಿಗೆ ಫಾರಂಗೆ ಸಹಿ ಹಾಕಿ. ಮಧ್ಯಾಹ್ನ ಯಜಮಾನ್ರು ಬರ್ತಾರೆ.”

“ನನಗೆ ಕಂಡ್ರೆ ಸಾಲದು ಸಾರ್. ಕೆಳಗೆ ನಡೀರಿ.”

ಕೆಳಗೆ ಮರೆಪ್ಪ ತೆರೆದ ಪ್ಯಾನೆಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಹೇಮಲತಾ ಏನನ್ನೂ ಹೇಳದೆ ಹಾಳೆಯನ್ನು ಅವನ ಕೈಗಿಟ್ಟಳು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದನ್ನು ಪಡೆದ. ಗೆರೆಯ ಗುಂಟ ಬೆರಳು ಓಡಿಸಿ ತಂತಿ ಜೋಡಿಸುತ್ತ, ಜೋಡಿಸಿದ ಪ್ರತಿ ತಂತಿಗೂ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಬಂದ. ಕೆಂಪಾಯಿತು. ನೀಲಿಯಾಯಿತು. ಆರನೆಯ ತಿರುಪಿನ ಬಳಿ ಬೆರಳು ಒಂದು ಗಳಿಗೆ ನಿಂತಿತು. ಅವನು ಜೇಬಿನಿಂದ ಒಂದು ಬಿಳಿ ಪಟ್ಟಿಯನ್ನು ತೆಗೆದು ಆ ತಿರುಪಿಗೆ ಕಟ್ಟಿದ.

ಬಿಳಿ ಪಟ್ಟಿ ಕಟ್ಟಿದರೆ ಅಲ್ಲಿ ತಂತಿಯಿಲ್ಲ ಎಂದು ಅರ್ಥ. ಮುಂದೆ ಯಾರೂ ಅದನ್ನು ಮುಟ್ಟುವುದಿಲ್ಲ.

“ಅದಕ್ಕೇನೂ ಇಲ್ವಾ ಮರೆಪ್ಪ?”

“ಖಾಲಿ ಐತ್ರೀ ಅಕ್ಕಾರ. ಹಾಳ್ಯಾಗ ಗೆರಿ ಇಲ್ಲಲ್ರಿ.”

“ಅನುಮಾನ ಬರಲಿಲ್ವಾ ನಿಂಗೆ?”

ಮರೆಪ್ಪ ಅವಳನ್ನೂ ಸಾಹೇಬರನ್ನೂ ನೋಡಿ ಮುಗುಳ್ನಕ್ಕ. “ಅನುಮಾನ ಯಾಕ್ರೀ? ಹಾಳಿ ಕೊಟ್ಟಾವ್ರು ನೀವು.”

ಮೂವರೂ ಮೆಟ್ಟಿಲು ಹತ್ತಿದರು. ಕೋಣೆಗೆ ಬಂದ ಮೇಲೆ ಶಿವಶಂಕರ್ ದನಿ ಏರಿಸಿದರು. “ಟೆಸ್ಟಿಂಗ್ ಅಂತ ಒಂದು ಇದೆ ಕಣ್ರೀ. ಬಿಟ್ಟು ಹೋಗಿದ್ರೆ ಅಲ್ಲಿ ಸಿಕ್ಕೇ ಸಿಗುತ್ತೆ.”

“ಟೆಸ್ಟಿಂಗ್‌ನೋರ ಕೈಗೆ ಹೋಗೋದೂ ಇದೇ ಹಾಳೆ ತಾನೇ ಸಾರ್?”

ಶಿವಶಂಕರ್ ವೀರೇಶನತ್ತ ತಿರುಗಿದರು. “ಸೆಟ್ಟಿಂಗ್ ಮಾಡಿದ್ರೆ ಸರಿಹೋಗುತ್ತೆ ಅಲ್ವೇನ್ರೀ?”

ವೀರೇಶ್ ಯಂತ್ರದ ಬಿಸಿ ಮೈಮೇಲೆ ಕೈಯಿಟ್ಟು ನೋಡಿದ. “ಬಿಸಿ ಆದಾಗ ಈ ಮಾಡೆಲ್‌ನಲ್ಲಿ ಹಳದಿ ಕೈಕೊಡುತ್ತೆ ಸಾರ್. ಪತ್ರ, ಪಾಂಪ್ಲೆಟ್ಟು ಅಂದ್ರೆ ಸಾಕು. ಇವ್ರ ಕೆಲಸಕ್ಕೆ...” ಎಂದು ಅಲ್ಲಿಗೆ ನಿಲ್ಲಿಸಿದ.

“ಹೋದ ವಾರ ಪಕ್ಕದ ಫ್ಯಾಕ್ಟರಿಯಲ್ಲಿ ಇನ್ನೊಂದು ಕಂಪನೀದು ನೋಡ್ಕೊಂಡು ಬಂದೆ,” ಎಂದಳು ಹೇಮಲತಾ. “ನಿಮಿಷಕ್ಕೆ ಇಪ್ಪತ್ತೈದೇ ಬರೋದು. ಆದ್ರೆ ಮುನ್ನೂರನೇದೂ ಮೊದಲನೇದರ ಹಾಗೇ ಇತ್ತು. ಕೆಟ್ರೆ ಸಾಮಾನು ಇಲ್ಲೇ ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಿಗುತ್ತೆ, ಕರೆದ ದಿನವೇ ಬರ್ತಾರೆ.”

“ನಿಮ್ಮನ್ನ ಯಾರ್ರೀ ಕೇಳಿದ್ದು? ಇದು ಆಪರೇಟರ್ ಹೇಳೋ ಮಾತಾ?”

“ಆಪರೇಟರ್ ಸಹಿ ಅಂತ ಜಾಗ ಬಿಟ್ಟಿದೀರಲ್ಲ ಸಾರ್.”

ಮೇಜಿನ ಮೇಲಿದ್ದ ನಮೂನೆಯಲ್ಲಿ ‘ಯಂತ್ರ ತೃಪ್ತಿಕರವಾಗಿದೆ’ ಎಂದು ಮೊದಲೇ ಅಚ್ಚಾಗಿತ್ತು. ಅವಳು ನಿಂತುಕೊಂಡೇ ಆ ಸಾಲಿನ ಮೇಲೆ ಗೀಟು ಎಳೆದಳು. ಕೆಳಗೆ, ಶಾಲೆಯ ಹುಡುಗಿಯಂತೆ ದುಂಡಗೆ, ಅವಸರವಿಲ್ಲದೆ ಬರೆದಳು: ‘ಹಳದಿ ನಿಲ್ಲುವುದಿಲ್ಲ. ಈ ಯಂತ್ರ ನಮಗೆ ಬೇಡ.’ ಪೂರ್ತಿ ಹೆಸರು ಬರೆದು ತಾರೀಖು ಹಾಕಿದಳು.

ಶಿವಶಂಕರ್ ಅದನ್ನು ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು. ಇನ್ನು ಆ ಹಾಳೆಯನ್ನು ಬಚ್ಚಿಡುವಂತಿರಲಿಲ್ಲ. ವೀರೇಶ್ ನೋಡಿಯಾಗಿತ್ತು, ಮರೆಪ್ಪನ ಬಿಳಿ ಪಟ್ಟಿ ಕೆಳಗೆ ಇನ್ನೂ ಕಟ್ಟಿಯೇ ಇತ್ತು.

“ಮೆಷಿನ್ ವಾಪಸ್ ಹೋಗ್ಲಿ. ಆದ್ರೆ ಸೋಮವಾರದಿಂದ ನೀವೂ ಈ ರೂಮಲ್ಲಿ ಇರಲ್ಲ. ಸ್ಟೋರ್ಸ್‌ಗೆ ಹೋಗಿ ಬೋಲ್ಟ್ ಎಣಿಸ್ಕೊಂಡಿರಿ.”

“ಎಣಿಸ್ತೀನಿ ಸಾರ್. ಕಡಿಮೆ ಬಂದ್ರೆ ಅಲ್ಲೂ ಸಹಿ ಹಾಕಲ್ಲ.”

ಬಾಗಿಲು ದಡಾರನೆ ಮುಚ್ಚಿಕೊಂಡಿತು. ವೀರೇಶ್ ಚೀಲದಿಂದ ಅಗಲವಾದ ಕಿತ್ತಳೆ ಬಣ್ಣದ ಟೇಪು ತೆಗೆದ. ಸಾಗಿಸುವಾಗ ಯಂತ್ರದ ಮುಚ್ಚಳಗಳು ತೆರೆದುಕೊಳ್ಳದಂತೆ ಅದನ್ನು ಸುತ್ತಲೂ ಅಂಟಿಸಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಅವನು ಕೇಳಲು ಹಿಂಜರಿಯುತ್ತ ನಿಂತ. ಹೇಮಲತಾ ಬಳೆಗಳನ್ನು ಮೊಣಕೈಯತ್ತ ಸರಿಸಿ, ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡು, ಸುಕ್ಕು ಬೀಳದಂತೆ ಬಿಗಿಯಾಗಿ ಎಳೆದಳು.