ಎರಡು ಅಂಕದ ಗೆಲುವು

"ಜಾರಿದ ಹಾಗೆ ಕಾಣ್ಬೇಕು, ಅಷ್ಟೇ," ಎಂದ ಕೋಚ್ ಪಿದ್ಯೊ, ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು. ಟೀವಿಯವರು ತುಟಿ ನೋಡಿಯೇ ಮಾತು ಕದಿಯುತ್ತಾರೆಂಬ ಅನುಮಾನ ಅವನದು. "ಮಾಕ್ಸಿ ಮೇಲಕ್ಕೆ ಎಸೀತಾನೆ. ನೀನು ಹಿಡಿಯೋಕೆ ಹಾರ್ತೀಯ. ಬೆರಳಿಗೆ ತಾಗಿ ನಮ್ಮ ಬ್ಯಾಸ್ಕೆಟ್ಟಿಗೇ ಬೀಳತ್ತೆ. ಅವರಿಗೆ ಎರಡು ಅಂಕ. ಸ್ಕೋರು ಸಮ. ಇನ್ನೈದು ನಿಮಿಷ ಆಟ ಸಿಗತ್ತೆ."

"ನಾನೇ ಯಾಕೆ?" ಎಂದ ಸಾಂತೊಯ್.

"ಬೇರೆ ಯಾರು ಹಾಕಿದ್ರೂ ಬೇಕಂತ ಹಾಕಿದ್ದು ಅಂತ ರೆಫರಿ ಲೆಕ್ಕಕ್ಕೇ ತಗೊಳಲ್ಲ. ನೀನು ಹಾಕಿದ್ರೆ, ಪಾಪ, ವಯಸ್ಸಾಯ್ತು ಅಂತಾನೆ."

ಮಾಕ್ಸಿ ಕಿಸಕ್ಕನೆ ನಕ್ಕು, ಕ್ಯಾಪ್ಟನ್ ಸಾಂತೊಯ್‌ನ ಮುಖ ನೋಡಿ ಸುಮ್ಮನಾದ.

ಡಬ್ಬಿ ಮೀನಿನ ಕಂಪನಿಯ ಅವರ ಲಂಬಾತ್ ಸಾರ್ಡೀನ್ ತಂಡ ಎರಡು ಅಂಕ ಮುಂದಿತ್ತು. ಉಳಿದಿದ್ದು ಐದು ಸೆಕೆಂಡು. ಎದುರಿಗಿದ್ದದ್ದು ಉಲಾಪ್ ಹಾಲಿನ ಕಂಪನಿಯ ತಂಡ. ಕ್ವಾರ್ಟರ್ ಫೈನಲ್ಲಿಗೆ ಉಳಿದಿದ್ದ ಒಂದೇ ಜಾಗಕ್ಕೆ ಇವೆರಡೂ ಜೋತುಬಿದ್ದಿದ್ದವು. ಮೊದಲ ಸುತ್ತಿನಲ್ಲಿ ಉಲಾಪ್ ಇವರನ್ನು ಏಳು ಅಂಕಗಳಿಂದ ಸೋಲಿಸಿತ್ತು. ಹಾಗಾಗಿ ಇವತ್ತು ಬರೀ ಗೆದ್ದರೆ ಸಾಲದು, ಎಂಟರಿಂದ ಗೆಲ್ಲಬೇಕು. ಎರಡರಿಂದ ಗೆದ್ದರೆ ಗೆದ್ದವರು ಮನೆಗೆ, ಸೋತವರು ಮುಂದಕ್ಕೆ. ಐದು ಸೆಕೆಂಡಿನಲ್ಲಿ ಆರು ಅಂಕ ದೇವರೂ ಹಾಕಲಾರ. ಆಟ ಸಮವಾಗಿ ಹೆಚ್ಚುವರಿ ಅವಧಿ ಸಿಕ್ಕರೆ ಮಾತ್ರ ಆಸೆ.

ಈ ಸೀಸನ್ನೇ ಅಡ್ಡಾದಿಡ್ಡಿ. ಅಮೆರಿಕದಿಂದ ಕರೆಸಿದ್ದ ಮೊದಲ ಆಟಗಾರ ಲೀಗಿನ ಅಳತೆಗೋಲಿನ ಕೆಳಗೆ ನಿಂತಾಗ ಹೊರದೇಶದವರಿಗೆ ಇಟ್ಟಿದ್ದ ಮಿತಿಗಿಂತ ಅರ್ಧ ಇಂಚು ಎತ್ತರವಾಗಿದ್ದ. ಮೊಣಕಾಲು ಬಗ್ಗಿಸಿ ನೋಡಿದ, ಕತ್ತು ಒಳಗೆಳೆದು ನೋಡಿದ, ಕೊನೆಗೆ ವಿಮಾನ ಹತ್ತಿದ. ಬದಲಿಗೆ ಬಂದ ಡ್ವೈಟ್‌ಗೆ ಒಗ್ಗಿಕೊಳ್ಳುವಷ್ಟರಲ್ಲಿ ಸೋಲುಗಳು ಸಾಲಾಗಿ ನಿಂತಿದ್ದವು. ಆಮೇಲೆ ಹೇಗೋ ಏನೋ, ತಂಡ ತೆವಳಿಕೊಂಡು ಇಲ್ಲಿಯವರೆಗೆ ಬಂದಿತ್ತು. ಮ್ಯಾನೇಜರ್ ಸಾಂತೊಯ್‌ಗೆ ಬಾಯಿಬಿಟ್ಟೇ ಹೇಳಿದ್ದ: "ಕ್ವಾರ್ಟರ್ ಫೈನಲ್ ತಲುಪಿಸು, ಇನ್ನೊಂದು ವರ್ಷ ಇರ್ತೀಯ. ಇಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ." ಸಾಂತೊಯ್‌ಗೆ ಮೂವತ್ತೇಳು. ಬೇರೆ ಯಾವ ತಂಡವೂ ಅವನನ್ನು ಕರೆಯುವಂತಿರಲಿಲ್ಲ. ಆಡುವುದು ಬಿಟ್ಟು ಅವನಿಗೆ ಬೇರೆ ಕೆಲಸವೂ ಗೊತ್ತಿರಲಿಲ್ಲ.

ಸೀಟಿ ಮೊಳಗಿತು. ಸಾಂತೊಯ್ ತಮ್ಮದೇ ಬ್ಯಾಸ್ಕೆಟ್ಟಿನ ಕೆಳಗೆ ಹೋಗಿ ನಿಂತ. ಉಲಾಪ್‌ನ ಹುಡುಗರು ಯಾರೂ ಮೈಮೇಲೆ ಬೀಳಲಿಲ್ಲ. ಮುಂದಕ್ಕೆ ಹೋಗಲು ಅವರಿಗೆ ಈ ಸೋಲೇ ಸಾಕಿತ್ತು. ಅವರ ಗಾರ್ಡ್ ಒಬ್ಬ ಪಕ್ಕಕ್ಕೆ ಬಂದು, ಹಿರಿಯಣ್ಣನನ್ನು ಕರೆಯುವಂತೆ ಮೆಲ್ಲಗೆ, "ಕುಯಾ, ನೀವು ಹಾಕ್ಬೇಕಾದ ರಿಂಗು ಆ ಕಡೆ ಇದೆ. ಇಲ್ಲೇನ್ ಹುಡುಕ್ತಿದೀರಾ?" ಎಂದ.

"ಇಲ್ಲೇ ಉಸಿರು ಬಿಟ್ಟುಹೋಗಿದ್ದೆ, ಹುಡುಕ್ತಿದೀನಿ ತಮ್ಮಾ," ಎಂದ ಸಾಂತೊಯ್.

ಆಗಲೇ ಮೇಲಿನಿಂದ ಸದ್ದು ಬಂತು. ಸೂರಿಗೆ ಅಂಟಿಕೊಂಡ ಅಗ್ಗದ ಸಾಲುಗಳಲ್ಲಿ ನವೋತಾಸ್ ಊರಿನ ಸಾರ್ಡೀನ್ ಫ್ಯಾಕ್ಟರಿಯ ಹೆಂಗಸರು ಕೂತಿದ್ದರು. ಪಾಳಿ ಮುಗಿಸಿ, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಬಂದವರು. ಅಂಕಗಳ ಲೆಕ್ಕಾಚಾರ ಅವರಿಗೆ ಬೇಕಿರಲಿಲ್ಲ. ಬೋರ್ಡಿನ ಮೇಲೆ ತಮ್ಮ ಕಂಪನಿಯ ಸಂಖ್ಯೆ ದೊಡ್ಡದಿತ್ತು, ಹಾಲಿನವರದು ಚಿಕ್ಕದಿತ್ತು. ಎದ್ದು ನಿಂತು ಆಗಲೇ ಕುಣಿಯುತ್ತಿದ್ದರು.

ಮಾಕ್ಸಿ ಚೆಂಡೆಸೆದ. ಹೇಳಿದ ಹಾಗೆಯೇ, ಎತ್ತರಕ್ಕೆ, ರಿಂಗಿನ ತುಟಿಯ ಹತ್ತಿರಕ್ಕೆ. ಸಾಂತೊಯ್ ಹಾರಿದ. ಈ ಸೀಸನ್ನಿನಲ್ಲಿ ಮೊಣಕಾಲು ಅವನನ್ನು ಅಷ್ಟು ಮೇಲಕ್ಕೆ ಒಯ್ದಿದ್ದೇ ಇಲ್ಲ. ಬೆರಳ ತುದಿಯಿಂದ ಒಂದಿಷ್ಟು ತಳ್ಳಿದ್ದರೆ ಸಾಕಿತ್ತು.

ಎರಡೂ ಕೈಯಿಂದ ಹಿಡಿದ. ಕೆಳಗಿಳಿದು ಎದೆಗೆ ಒತ್ತಿಕೊಂಡ.

"ಸಾಂತೊಯ್!" ಎಂದು ಪಿದ್ಯೊ ಕೂಗಿದ. ಟವೆಲ್ ನೆಲಕ್ಕೆ ಬಿದ್ದಿತ್ತು.

ಮೇಲೆ ಹೆಂಗಸರು ಒಕ್ಕೊರಲಿನಿಂದ ಎಣಿಸುತ್ತಿದ್ದರು. ಸಾಂತೊಯ್ ಅಲ್ಲಾಡಲಿಲ್ಲ. ಗಂಟೆ ಹೊಡೆಯಿತು. ಉಲಾಪ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಸಂಭ್ರಮಿಸಿದರು. ಮೇಲೆ ಸಾರ್ಡೀನಿನವರೂ ಸಂಭ್ರಮಿಸಿದರು. ಕೆಳಗೆ ನಿಂತ ಡ್ವೈಟ್ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ, "ಅಲ್ಲಾ, ಸೋತಿದ್ದು ಯಾರು?" ಎಂದು ಕೇಳಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಒದ್ದೆ ಜೆರ್ಸಿ ಬಿಚ್ಚುತ್ತಿದ್ದರು. ಮ್ಯಾನೇಜರ್ ಒಳಗೆ ಇಣುಕಿ ನೋಡಿ, ಬಾಗಿಲು ಎಳೆದುಕೊಂಡು ಹೋದ.

"ಕುಯಾ," ಎಂದ ಮಾಕ್ಸಿ, "ಬಾಲು ಜಾರ್ಲಿಲ್ವಾ?"

"ಜಾರ್ಲಿಲ್ಲ."

ಪಿದ್ಯೊ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ಹದಿನಾಲ್ಕು ವರ್ಷದಿಂದ ಹೇಳ್ತಿದೀನಿ, ಎರಡು ಕೈಲಿ ಹಿಡಿ, ಎರಡು ಕೈಲಿ ಹಿಡಿ ಅಂತ. ಇವತ್ತೇ ಕಲೀಬೇಕಿತ್ತಾ ಮಾರಾಯ." ಯಾರೋ ನಕ್ಕರು. ಪಿದ್ಯೊ ನಗಲಿಲ್ಲ. ಆದರೆ ಎದ್ದು ಹೋಗುವಾಗ ಸಾಂತೊಯ್‌ನ ಬೋಳು ನೆತ್ತಿಯನ್ನು ಅಂಗೈಯಿಂದ ಒಮ್ಮೆ ಒತ್ತಿ ಹೋದ.

ಹೊರಗೆ ವಾಹನ ನಿಲ್ಲಿಸುವ ಬಯಲಿನಲ್ಲಿ ಹೆಂಗಸರು ಕಾಯುತ್ತಿದ್ದರು. ಡಬ್ಬಿಗೆ ಮೀನು ತುಂಬುವ ಸಾಲಿನ ಹಿರಿಯಳು, ಎಲ್ಲರೂ ಗೌರವದಿಂದ ಆಲಿಂಗ್ ಎನ್ನುವ ತೊಮಾಸಾ, ಅವನ ತೋಳು ಹಿಡಿದುಕೊಂಡಳು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ ಅವಳ ಕೈಯಲ್ಲಿತ್ತು.

"ಮುಂದಿನ ಆಟ ಯಾವತ್ತು ಮಗಾ? ಪಾಳಿ ಬದಲಾಯಿಸ್ಕೋಬೇಕು."

ಸಾಂತೊಯ್ ಚೀಲ ಕೆಳಗಿಟ್ಟ. "ಮುಂದಿನ ಆಟ ಇಲ್ಲ ಆಲಿಂಗ್ ತೊಮಾಸಾ. ಹಾಲಿನವರು ಮುಂದಕ್ಕೆ ಹೋದ್ರು. ನಾವು ಎಂಟರಿಂದ ಗೆಲ್ಬೇಕಿತ್ತು. ನಂದೂ ಇದೇ ಕೊನೆ."

ಅವಳು ಅವನ ಮುಖವನ್ನೇ ನೋಡಿದಳು.

"ಎಂಟರಿಂದ ಗೆದ್ರೆ ಮಾತ್ರ ಗೆಲುವು ಅಂತ ಬರೆದೋನು ಯಾವನು? ಅವನಿಗೆ ಮನೇಲಿ ಹೇಳೋರಿಲ್ವಾ?" ಎಂದಳು. ಅವನ ತೋಳು ಬಿಡದೆ, "ನೋಡು, ನನ್ನ ನಾದಿನಿ ಹಾಲಿನ ಫ್ಯಾಕ್ಟರೀಲಿದಾಳೆ. ಪ್ರತಿ ಕ್ರಿಸ್‌ಮಸ್‌ಗೂ ಊಟಕ್ಕೆ ಬರ್ತಾಳೆ, ಹಂದಿ ಮಾಂಸ ತಟ್ಟೆಗೆ ಬೀಳೋಕೆ ಮುಂಚೆ ನಿಮ್ಮ ಸೋಲು ಬಡಿಸ್ತಾಳೆ. ಈ ವರ್ಷ ಬರಲಿ. ನಮ್ಮ ಕ್ಯಾಪ್ಟನ್ ಕೊನೇಲಿ ಬಾಲು ತಬ್ಬಿಕೊಂಡು ನಿಂತಿದ್ನಲ್ಲ, ನಿಮ್ಮೋರಲ್ಲಿ ಒಬ್ಬನಾದ್ರೂ ಮುಟ್ಟಿದ್ನಾ ಅಂತ ಕೇಳ್ತೀನಿ."

"ಅವ್ರು ಮುಟ್ಟೋಕೆ ಬರ್ಲೇ ಇಲ್ಲ ಆಲಿಂಗ್ ತೊಮಾಸಾ."

"ಅದನ್ನ ಅವಳಿಗ್ಯಾಕೆ ಹೇಳ್ಲಿ?"

ಸಾಂತೊಯ್ ನಕ್ಕುಬಿಟ್ಟ.

ಹೆಂಗಸರು ಉದ್ದ ಜೀಪಿನಂಥ ತಮ್ಮ ಜೀಪ್ನಿ ಹತ್ತಿದರು. ಅದು ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಡ್ರೈವರ್ ಇಳಿದು ತಲೆ ಕೆರೆದುಕೊಂಡ. ಸಾಂತೊಯ್ ಹಿಂಬದಿಯ ಕಂಬಿಗೆ ಕೈ ಕೊಟ್ಟು ತಳ್ಳತೊಡಗಿದ. ಮಾಕ್ಸಿ ಬಂದ, ಡ್ವೈಟ್ ಬಂದ, ಒಬ್ಬೊಬ್ಬರಾಗಿ ಇಡೀ ತಂಡ ಬಂತು. ಒಳಗಿನಿಂದ, "ಮೆಲ್ಲಗೆ, ಬಸುರಿ ಇದಾಳೆ," "ಆ ಅಮೆರಿಕದ ಕಪ್ಪು ಹುಡುಗನ್ನ ನಮ್ಮ ಲೈನಿಗೆ ಹಾಕ್ಸಿ, ಕ್ರೇಟು ಎತ್ತೋಕೆ" ಎಂಬ ಕೂಗುಗಳು. ಗೇಟಿನ ಇಳಿಜಾರಿನಲ್ಲಿ ಎಂಜಿನ್ ಚಾಲೂ ಆಯಿತು. ಜೀಪ್ನಿ ಅವರ ಕೈಗಳಿಂದ ಬಿಡಿಸಿಕೊಂಡು ರಸ್ತೆಗಿಳಿಯಿತು. ಒಳಗಿನ ಹಾಡು ಹಾರ್ನುಗಳ ನಡುವೆ ಬಹಳ ದೂರದವರೆಗೂ ಕೇಳುತ್ತಿತ್ತು. ಎತ್ತರದ ಹನ್ನೆರಡು ಗಂಡಸರು ಮಸಿ ಹತ್ತಿದ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಅದು ತಿರುವಿನಲ್ಲಿ ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದರು.