ತೊಳೆದು ತಂದದ್ದು

ತಪ್ಲೆಲೇ ಎಂಬ ಹೆಸರಿನ ಅಜ್ಜಿ ಸೋರೆಬುರುಡೆಯ ತುಂಬ ಹುಳಿಹಾಲು ಹೊತ್ತು ತಂದಿದ್ದಳು. ಮೊಮ್ಮಗಳು ಜೆಬಿವೋತ್ ತನ್ನ ಪ್ರಯೋಗ ತೋರಿಸಿ ಗೆದ್ದ ಗಳಿಗೆಯಲ್ಲಿ ಮೊದಲ ಗುಟುಕು ಅವಳ ಬಾಯಿಗೆ ಎಂದು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬೊಗೋರಿಯಾ ಸರೋವರದ ದಡದಲ್ಲಿ, ಕುದಿವ ಬುಗ್ಗೆಯ ಸುತ್ತ, ಅರ್ಧ ಊರೇ ನಿಂತಿತ್ತು.

ಹಿರಿಯನಾದ ಕಿಮೋಸೊಪ್ ತಾತ ಒಂದೇ ಮಾತಿನ ಮೇಲೆ ಜೆಬಿವೋತಳಿಗೆ ಈ ನೀರು ಒಯ್ಯಲು ಬಿಟ್ಟಿದ್ದ. ಅದರಲ್ಲಿ ಏನೇ ಸಿಕ್ಕರೂ ಮೊದಲು ಇಲ್ಲಿಗೇ ತಂದು ಬುಗ್ಗೆಯವರಿಗೆ, ಅದರ ಆಳದಲ್ಲಿರುವ ದೈವಗಳಿಗೆ, ತೋರಿಸಬೇಕು, ಬೇರೆಯವರಿಗೆ ಆಮೇಲೆ. ಇವತ್ತು ತೋರಿಸಿದರೆ ಮುಂದೆಯೂ ನೀರು. ಇಲ್ಲವಾದರೆ ನೈರೋಬಿಯ ಪ್ರಯೋಗಾಲಯದಲ್ಲಿ ಅವಳ ಕೆಲಸ ನಿಂತಂತೆಯೇ.

ಅವಳ ಕೈಯಲ್ಲಿ ಎರಡು ಗಾಜಿನ ನಳಿಕೆಗಳಿದ್ದವು. ಒಂದರಲ್ಲಿ ನೀರು ಬೆರೆಸಿದ ಮೊಟ್ಟೆಯ ಬಿಳಿ ಲೋಳೆ. ಇನ್ನೊಂದರಲ್ಲಿ ಬುಗ್ಗೆಯ ಅಂಚಿನ ಜೀವಾಣುಗಳಿಂದ ತೆಗೆದ ಪ್ರೋಟೀನು.

"ಉದ್ದದ ದಾರ ಅಂದ್ಕೊಳ್ಳಿ ತಾತಾ. ಮಡಿಕೆ ಮಡಿಕೆಯಾಗಿ ಸುತ್ಕೊಂಡಿರುತ್ತೆ. ಮೊಟ್ಟೇದು ಬಿಸಿ ತಾಗಿದ್ರೆ ಬಿಚ್ಕೊಂಡು, ಒಂದಕ್ಕೊಂದು ಸಿಕ್ಕುಬಿದ್ದು ಗಟ್ಟಿಯಾಗುತ್ತೆ. ನಮ್ಮ ಬುಗ್ಗೇದು ಬಿಚ್ಚಲ್ಲ. ಕುದಿಯೋ ನೀರಲ್ಲೂ ತಿಳಿಯಾಗೇ ಇರುತ್ತೆ."

"ಹಾಗಿದ್ರೆ ಅದು ನಮ್ಮ ಚೆಪ್ತೂಮೊ," ಎಂದಳು ಅಜ್ಜಿ. "ಹೆಂಡ್ತಿ ಎಷ್ಟು ಬೈದ್ರೂ ಕೂತಲ್ಲೇ ತಣ್ಣಗಿರ್ತಾನೆ."

"ನೀನು ಮೊಟ್ಟೆ ಕಡೆಯವಳು ಬಿಡು, ಕೊಗೊ," ಎಂದ ಪಕ್ಕದಲ್ಲಿ ನಿಂತಿದ್ದ ಚೆಪ್ತೂಮೊ, ಅಜ್ಜಿಯನ್ನು ಊರ ಮಾತಿನಲ್ಲಿ ಕರೆಯುತ್ತ. "ಒಂದು ಮಾತಿಗೇ ಗಟ್ಟಿಯಾಗ್ತೀಯ."

ಜನ ನಕ್ಕರು. ಕಿಮೋಸೊಪ್ ತಾತ ಬುಗ್ಗೆಗೆ ಅರ್ಪಿಸಲು ತಂದ ಒಂದು ಹಿಡಿ ಹಸಿಹುಲ್ಲನ್ನು ಎತ್ತಿ ಹಿಡಿದಾಗ ನಗು ತಾನಾಗಿ ನಿಂತಿತು. ಅವನದು ಒಂದು ಸಾಲು, ಜನರದು ಒಂದು ಉತ್ತರ.

"ಆಳದವರೇ, ಇದು ನಿಮ್ಮ ಮನೆಯದು."

"ನಿಮ್ಮದೇ."

"ಹೋಗಿತ್ತು, ಬಂದಿದೆ."

"ಬಂದಿದೆ."

"ನಿಮ್ಮ ಕಣ್ಣಿಗೇ ಮೊದಲು."

"ಮೊದಲು."

ಕೊನೆಯ ಉತ್ತರಕ್ಕೆ ಜೆಬಿವೋತಳ ತುಟಿ ಅಲುಗಿತು, ದನಿ ಹೊರಡಲಿಲ್ಲ.

ಹೋದ ತಿಂಗಳು ಹೊರದೇಶದ ಒಂದು ಸಭೆಯಲ್ಲಿ ಅವಳು ಇದೇ ನಳಿಕೆಯನ್ನು ತೋರಿಸಿ ಬಂದಿದ್ದಳು. ಬುಗ್ಗೆಯ ಉಪ್ಪುಗಳ ಜೊತೆಗೆ ಅದರ ಬಣ್ಣ ಮಾಸಲು ಹಳದಿ, ವಾಸನೆ ಮೂಗಿಗೆ ಹೊಡೆಯುವಂಥದ್ದು. ಅಂಥದ್ದನ್ನು ಅಷ್ಟು ಜನ ವಿದ್ವಾಂಸರ ಮುಂದೆ ಹಿಡಿಯಲು ನಾಚಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದಿದ್ದಳು. ತಿಳಿಯಾಯಿತು. ಕೈಯಿಂದ ಕೈಗೆ ಹೋಯಿತು. ಯಾರೂ ಕಾಯಿಸಿ ನೋಡಲಿಲ್ಲ. ಎಲ್ಲಿಯದು ಎಂದು ಕೇಳಿದವರಿಗೆ 'ಆಫ್ರಿಕಾದ ಒಂದು ಬುಗ್ಗೆ' ಎಂದಿದ್ದಳು. ಅವರು ನೋಡಿ ಬಿಟ್ಟದ್ದನ್ನೇ ಈಗ ತನ್ನವರ ಮುಂದೆ ಹಿಡಿದು ನಿಂತಿದ್ದಳು.

ಎರಡೂ ನಳಿಕೆಗಳನ್ನು ಕುದಿವ ನೀರಿಗೆ ಇಳಿಬಿಟ್ಟಳು. ಮೊಟ್ಟೆಯ ಲೋಳೆ ಬೆಳ್ಳಗಾಯಿತು. ಚೆಪ್ತೂಮೊ ತಲೆದೂಗಿದ. ಅಷ್ಟರಲ್ಲಿ ಇನ್ನೊಂದರ ತಳದಲ್ಲಿ ಮಂಜಿನಂಥದ್ದು ಕಾಣಿಸಿತು. ನೋಡನೋಡುತ್ತಿದ್ದಂತೆ ಜೋಳದ ಹಿಟ್ಟು ಕದಡಿದಂತೆ ನಳಿಕೆ ಪೂರ್ತಿ ಬೆಳ್ಳಗಾಯಿತು.

ಬುರುಡೆಯ ಮುಚ್ಚಳದ ಮೇಲಿದ್ದ ಅಜ್ಜಿಯ ಕೈ ಅಲ್ಲೇ ಉಳಿಯಿತು.

ಜೆಬಿವೋತಳಿಗೆ ತಕ್ಷಣ ತಿಳಿಯಿತು. ಆ ದಾರದ ಮಡಿಕೆಗಳನ್ನು ಗುಂಡಿ ಹಾಕಿದಂತೆ ಹಿಡಿದಿಟ್ಟಿದ್ದದ್ದು ಬುಗ್ಗೆಯ ನೀರಿನ ಸುಣ್ಣದಂಶ. ಕೊಳೆಯೆಂದು ತೊಳೆದದ್ದರ ಜೊತೆಗೆ ಅದೂ ಹೋಗಿತ್ತು. ತೊಳೆದ ಮೇಲೆ ಒಮ್ಮೆ ಕಾಯಿಸಿ ನೋಡಬಹುದಿತ್ತು. ನೋಡಲು ತಿಳಿಯಾಗಿದೆಯಲ್ಲ ಎಂದು ಬಿಟ್ಟಿದ್ದಳು.

"ತಪ್ಪು ನಮ್ಮದೇ ಇರ್ಬೇಕು," ಎಂದ ಕಿಮೋಸೊಪ್ ತಾತ ಮೆಲ್ಲಗೆ. "ನಮ್ಮ ಹುಡುಗರು ಪ್ರವಾಸಿಗಳಿಗೆ ಅಂತ ಈ ನೀರಲ್ಲಿ ಮೊಟ್ಟೆ ಬೇಯಿಸ್ತಾರೆ. ನಾನು ನೋಡ್ಕೊಂಡೂ ಸುಮ್ನಿದ್ದೆ. ಬುಗ್ಗೆಯವರಿಗೆ ಸಿಟ್ಟು ಬಂದಿದೆ. ಚೆಪ್ತೂಮೊ, ಬಲಿಗೆ ನಮ್ಮನೆ ಕುರಿ ಹಿಡ್ಕೊಂಡು ಬಾ."

"ಬಿಳೀದಾ?"

"ಬಿಳೀದೇ. ಈ ಕೂಸಿನ ಕೆಲಸ ನಮ್ಮಿಂದ ಕೆಡೋದು ಬೇಡ."

ಚೆಪ್ತೂಮೊ ಹೊರಟೇಬಿಟ್ಟ. ಜೆಬಿವೋತ್ ಅವನ ಬೆನ್ನನ್ನು ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಕುರಿ ಬರುತ್ತಿತ್ತು, ನೀರೂ ಸಿಗುತ್ತಿತ್ತು.

"ಹೋಗ್ಬೇಡ ಚಿಕ್ಕಪ್ಪ," ಎಂದಳು. "ಬುಗ್ಗೆಯವರಿಗೆ ಸಿಟ್ಟಿಲ್ಲ. ನಾನೇ ತೊಳೆದೆ. ಅದನ್ನ ಬಿಗಿಯಾಗಿ ಹಿಡ್ಕೊಂಡಿದ್ದದ್ದು ಈ ನೀರೇ. ನಾತ ಅಂತ ನಾಚ್ಕೊಂಡು ಅದನ್ನ ತೆಗೆದುಬಿಟ್ಟೆ. ಮತ್ತೆ..." ನೆಲ ನೋಡಿದಳು. "ನಿಮಗಿಂತ ಮೊದಲು ಬೇರೆಯವರಿಗೆ ತೋರಿಸ್ದೆ."

ಬುಗ್ಗೆ ಕೊತಕೊತ ಎನ್ನುತ್ತಿತ್ತು. ತಾತ ಅದರ ಕಡೆಗೇ ನೋಡುತ್ತ ಕೇಳಿದ.

"ಎಲ್ಲೀದು ಅಂತ ಕೇಳಿದ್ರಾ?"

"ಕೇಳಿದ್ರು."

"ನಮ್ಮ ಹೆಸರು ಹೇಳಿದ್ಯಾ?"

"ಇಲ್ಲ ತಾತ."

ಅವನು ಕೈಯಲ್ಲಿದ್ದ ಹುಲ್ಲನ್ನು ನೀರಿಗೆ ಹಾಕದೆ ಕಲ್ಲಿನ ಮೇಲಿಟ್ಟ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ತೊಳೆಯದೆ ಇಟ್ಟದ್ದು ಉಂಟಾ?"

"ಸ್ವಲ್ಪ ಉಂಟು. ನೈರೋಬೀಲಿ."

"ಮೊದಲು ಅನ್ನೋದಂತೂ ಹೋಯ್ತು. ಆ ಸಭೆಯವರಿಗೆ ನಮ್ಮ ಹೆಸರು ಬರೆದು ತಿಳಿಸು. ಆಮೇಲೆ ಅದನ್ನ ತಗೊಂಡು ಬಾ. ಅಲ್ಲೀವರೆಗೂ ಈ ನೀರು ಮುಟ್ಬೇಡ."

ಜನ ಒಬ್ಬೊಬ್ಬರಾಗಿ ಕರಗಿದರು. ಚೆಪ್ತೂಮೊ ಕೂಡ ಹೋದ. ಅಜ್ಜಿ ಬುರುಡೆಯನ್ನು ಹೆಗಲಿಗೇರಿಸಿ ಮುಂದೆ ನಡೆದಳು. ಎರಡೂ ನಳಿಕೆಗಳನ್ನು ಹಿಡಿದು ಜೆಬಿವೋತ್ ಹಿಂದೆ ಹೊರಟಳು. ಎರಡೂ ಬೆಳ್ಳಗಿದ್ದವು. ಯಾವುದು ಮೊಟ್ಟೆಯದೆಂದು ಅವಳಿಗೂ ತಿಳಿಯಲಿಲ್ಲ.

"ಕೊಗೊ, ಎಲ್ಲರ ಮುಂದೆ ನಿನ್ನ ತಲೆ ತಗ್ಗಿಸಿಬಿಟ್ಟೆ."

ಅಜ್ಜಿ ತಿರುಗಲಿಲ್ಲ.

"ಹೌದು," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಹಾಲು ಇರುತ್ತೆ. ಹುಳೀದು, ಕೆಡದೆ ನಿನಗಾಗಿ ಕಾಯುತ್ತೆ," ಎಂದಳು.